ಲಾಕ್ ಪಿನ್ ಮುರಿದಿದೆಯಾ? ಹೊಸದು ಹಾಕಿ, ಆದರೆ ಬಾಗಿಲು ಮಾತ್ರ ಈಗಲೇ ಮುಚ್ಚಬೇಡಿ

[ಕ್ಯಾಮೆರಾ ಹತ್ತಿರದಿಂದ: ಕಾರಿನ ಕಿಟಕಿಯ ಕೆಳಗಿನ ಅಂಚಿನಲ್ಲಿ ಒಂದು ತೂತು. ಒಳಗೆ ತುಕ್ಕು ಹಿಡಿದ ಕಡ್ಡಿಯ ತುದಿ. ಒಂದು ಕೈ ಕಟಿಂಗ್ ಪ್ಲೇಯರ್ ಹಿಡಿದು ಅದನ್ನು ಮೇಲಕ್ಕೆ ಎಳೆಯುತ್ತದೆ. ಟಕ್.]

ಇದು ನಮ್ಮಪ್ಪನ ಕೈ. ಕಾರಿನ ಲಾಕ್ ತೆಗೆಯುತ್ತಿದ್ದಾರೆ. ಹೌದು, ಕಟಿಂಗ್ ಪ್ಲೇಯರಿನಿಂದಲೇ. ಎರಡು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ. ಡ್ಯಾಶ್‌ಬೋರ್ಡ್ ಮೇಲೆ ದೇವರ ಪಕ್ಕದಲ್ಲಿ ಆ ಪ್ಲೇಯರಿಗೂ ಒಂದು ಜಾಗ ಆಗಿಬಿಟ್ಟಿದೆ. ಯಾರಾದರೂ ಕೇಳಿದರೆ ಅಪ್ಪ ಹೇಳುವುದು ಒಂದೇ ಮಾತು: "ಗಾಡಿ ಓಡ್ತಾ ಇದೆಯಲ್ಲ, ಬಿಡು."

ನಮಸ್ಕಾರ. ಈಗ ನಾವು ಮಂಡ್ಯದ ಹತ್ತಿರ, ನಮ್ಮ ಮನೆ ಮುಂದಿನ ಹೊಂಗೆ ಮರದ ಕೆಳಗೆ ಇದ್ದೇವೆ. ಇವತ್ತು ಆ ಪ್ಲೇಯರಿಗೆ ಬಿಡುಗಡೆ. ಕಾರಿನ ಒಳಗಿನ ಲಾಕ್ ಪಿನ್ ನಾವೇ ಬದಲಾಯಿಸುತ್ತೇವೆ. ಗ್ಯಾರೇಜಿಗೆ ಹೋಗುವಂಥ ಕೆಲಸವೇ ಅಲ್ಲ ಇದು. ಆದರೆ ಇದರಲ್ಲಿ ಒಂದು ಕಡೆ ಎಡವಿದರೆ ಬಾಗಿಲು ಒಳಗೂ ತೆಗೆಯಲು ಬರುವುದಿಲ್ಲ, ಹೊರಗೂ ಬರುವುದಿಲ್ಲ. ನಾನು ಎಡವಿದ್ದೇನೆ. ಅದನ್ನೂ ಹೇಳುತ್ತೇನೆ.

ಮೊದಲು ಈ ಪಿನ್ ಅಂದರೆ ಏನು ಅಂತ ನೋಡೋಣ. ಕಿಟಕಿ ಗಾಜಿನ ಪಕ್ಕದಲ್ಲಿ ಬೆರಳಿನ ಥರ ಎದ್ದು ನಿಂತಿರುತ್ತದಲ್ಲ, ಒತ್ತಿದರೆ ಲಾಕ್, ಎತ್ತಿದರೆ ಓಪನ್, ಅದೇ. ಈಗಿನ ಎಷ್ಟೋ ಕಾರುಗಳಲ್ಲಿ ಇದು ಇಲ್ಲ, ಹ್ಯಾಂಡಲ್ ಪಕ್ಕದಲ್ಲೇ ಒಂದು ಸಣ್ಣ ಗುಂಡಿ ಇರುತ್ತದೆ. ಬೊಲೆರೊ, ಪೋಲೋ ಥರದ ಗಾಡಿ ಇಟ್ಟುಕೊಂಡವರಿಗೆ ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ತಕ್ಷಣ ಗೊತ್ತಾಗುತ್ತದೆ.

ಹಳೇ ಕಾಲದ ಕಾರುಗಳಲ್ಲಿ ಇದರ ತಲೆ ಅಣಬೆಯ ಥರ ದಪ್ಪಗೆ ಇರುತ್ತಿತ್ತು. ಎತ್ತಲು ಬಹಳ ಸಲೀಸು. ಕಳ್ಳರಿಗೂ ಅಷ್ಟೇ ಸಲೀಸು. ಕಿಟಕಿ ಸಂದಿನಲ್ಲಿ ತಂತಿಯ ಕುಣಿಕೆ ಇಳಿಬಿಟ್ಟು, ಆ ತಲೆಗೆ ಸಿಗಿಸಿ ಎಳೆದರೆ ಮುಗಿಯಿತು. ಅದಕ್ಕೇ ಆಮೇಲೆ ಬಂದ ಪಿನ್‌ಗಳು ನುಣ್ಣಗೆ, ಸಪೂರವಾಗಿ ಆದವು. ಕುಣಿಕೆ ಹಾಕಿದರೂ ಜಾರಬೇಕು. ಅಂಗಡಿಯಲ್ಲಿ ಚೆಂದ ಕಾಣುತ್ತದೆ ಅಂತ ದಪ್ಪ ತಲೆಯ ಪಿನ್ ತರುವ ಮುಂಚೆ ಇದನ್ನು ನೆನಪಿಡಿ.

[ಕ್ಯಾಮೆರಾ ಹತ್ತಿರದಿಂದ: ಅಂಗೈ ಮೇಲೆ ಮುರಿದ ಪಿನ್ನಿನ ಎರಡು ಚೂರು.]

ಇದು ನೋಡಿ, ಮುರಿದ ಪಿನ್. ಒಂದು ಕಾಲದಲ್ಲಿ ಅಚ್ಚ ಕಪ್ಪು ಇತ್ತು, ಈಗ ಬೂದಿ ಬಣ್ಣ. ಉಗುರಿನಿಂದ ಕೆರೆದರೆ ಪುಡಿ ಬರುತ್ತಿದೆ. ಇದು ಕೂತಿರುವುದು ಗಾಜಿನ ಬುಡದಲ್ಲೇ ಅಲ್ವಾ? ಕಾರಿನ ಒಳಗೆ ದಿನವಿಡೀ ಬಿಸಿಲು ತಿನ್ನುವ ಜಾಗ ಅದು. ಪ್ಲಾಸ್ಟಿಕ್ ಒಣಗಿ ಹಪ್ಪಳ ಆಗುತ್ತದೆ. ಆಮೇಲೆ ಒಂದು ದಿನ ಯಾರೋ ಮೊಣಕೈ ಊರುತ್ತಾರೆ, ಲಟ್ ಅಂತ ಮುರಿಯುತ್ತದೆ. ನಮ್ಮಲ್ಲಿ ಮುರಿದದ್ದು ಅಕ್ಕನ ಮಗ. ಕಬ್ಬು ತಿಂದ ಅಂಟು ಕೈಯಲ್ಲಿ ಮೈಸೂರು ತನಕ ಎತ್ತುತ್ತಾ ಒತ್ತುತ್ತಾ ಆಡಿದ್ದಾನೆ. ಅವನ ತಪ್ಪು ಅಂತ ಹೇಳಲ್ಲ. ಅವನಲ್ಲದಿದ್ದರೆ ಇನ್ನೊಬ್ಬರ ಕೈಯಲ್ಲಿ ಮುರಿಯುತ್ತಿತ್ತು.

ಬಾಗಿಲ ಒಳಗೆ ಏನಿದೆ ಅಂದರೆ, ಈ ಪಿನ್ನಿನ ಕೆಳಗೆ ಒಂದು ತೆಳು ಕಬ್ಬಿಣದ ಕಡ್ಡಿ. ಅದು ನೇರ ಇಳಿದು ಲಾಕಿನ ಒಂದು ಸಣ್ಣ ತೋಳಿಗೆ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಸಿಕ್ಕಿಕೊಂಡಿರುತ್ತದೆ. ಪಿನ್ ಒತ್ತಿದಾಗ ಆ ತೋಳು ಸರಿದು, ಹೊರಗಿನ ಹ್ಯಾಂಡಲಿಗೂ ಲಾಕಿಗೂ ಇರುವ ಸಂಬಂಧವನ್ನು ತಪ್ಪಿಸುತ್ತದೆ. ಹ್ಯಾಂಡಲ್ ಎಳೆಯಬಹುದು, ಆದರೆ ಅದು ಸುಮ್ನೆ ಆಡುತ್ತದೆ, ಏನನ್ನೂ ಎಳೆಯುವುದಿಲ್ಲ. ಅಷ್ಟೇ ಇದರ ವಿದ್ಯೆ. ಪಿನ್ ಅನ್ನುವುದು ಕಡ್ಡಿಗೆ ಹಾಕಿದ ಟೋಪಿ.

ಟೋಪಿ ಹಾಕುವ ರೀತಿ ಮೂರು ಥರ. ಜಾಸ್ತಿ ಕಾಣುವುದು ಥ್ರೆಡ್ ಇರುವ ಕಡ್ಡಿ, ಬಾಟಲಿ ಮುಚ್ಚಳದ ಥರ ತಿರುಗಿಸಿ ಹಾಕುವುದು. ಕೆಲವು ಗಾಡಿಗಳಲ್ಲಿ ಒತ್ತಿ ಕೂರಿಸುವುದು ಇರುತ್ತದೆ, ಅದು ತಿರುಗಿಸಿದರೆ ಬರುವುದಿಲ್ಲ. ಮೂರನೆಯದು ಯಾವ ಗಾಡಿಗಾದರೂ ಆಗುತ್ತದೆ ಅಂತ ಮಾರುವ ಅಲ್ಯೂಮಿನಿಯಂ ಪಿನ್. ಪಕ್ಕದಲ್ಲಿ ಒಂದು ಚಿಕ್ಕ ತಿರುಪು ಇರುತ್ತದೆ, ಅಲೆನ್ ಕೀಯಿಂದ ಬಿಗಿ ಮಾಡಬೇಕು. ನೋಡಲು ಮಿರಮಿರ ಮಿಂಚುತ್ತದೆ. ನನ್ನನ್ನು ಕೇಳಿದರೆ ಬೇಡ. ಏಪ್ರಿಲ್ ತಿಂಗಳ ಮಧ್ಯಾಹ್ನ ಒಂದು ಸಲ ಬರಿ ಬೆರಳಲ್ಲಿ ಮುಟ್ಟಿ ನೋಡಿ, ನೀವೇ ಬೇಡ ಅಂತೀರಿ.

ಅಂಗಡಿಗೆ ಹೋಗುವಾಗ ಮುರಿದ ಚೂರು ಜೇಬಿನಲ್ಲಿರಲಿ. ಅದೂ ಕಳೆದಿದ್ದರೆ ಇನ್ನೊಂದು ಬಾಗಿಲಿನ ಪಿನ್ ಬಿಚ್ಚಿ ತೆಗೆದುಕೊಂಡು ಹೋಗಿ. ಗಾಡಿ ಹೆಸರು, ವರ್ಷ ಹೇಳಿದರೂ ಬೇರೆ ಥ್ರೆಡ್ಡಿನದು ಕೈಗೆ ಬರಬಹುದು. 4 ಮಿಲಿಮೀಟರಿನ ಕಡ್ಡಿಗೆ 5 ಮಿಲಿಮೀಟರಿನ ಪಿನ್ ಹಾಕಿದರೆ ಲೊಡಲೊಡ. ಅದಕ್ಕೆ ಅಂಟು ಹಾಕಿ ಕೂರಿಸುವ ಐಡಿಯಾ ಬರುತ್ತದೆ, ಎಲ್ಲರಿಗೂ ಬರುತ್ತದೆ. ಮಾಡಬೇಡಿ. ಮುಂದಿನ ಸಲ ಬಿಚ್ಚಬೇಕಾದಾಗ ಕಡ್ಡಿಯೇ ಬಾಗುತ್ತದೆ. ಮೆಕ್ಯಾನಿಕ್‌ಗಳು ನಟ್ಟು ಸಡಿಲ ಆಗದಿರಲಿ ಅಂತ ಹಾಕುವ ಥ್ರೆಡ್ ಲಾಕ್ ಕೂಡ ಇಲ್ಲಿ ಬೇಡ. ಅದು ಕಬ್ಬಿಣಕ್ಕೆ ಸರಿ. ಇಂಥ ಪಿನ್ನಿನ ಪ್ಲಾಸ್ಟಿಕ್ಕಿಗೆ ತಾಗಿದರೆ ಬಿರುಕು ಬಿಡಬಹುದು. ಥ್ರೆಡ್ ಸರಿಯಾಗಿದ್ದು ಸ್ವಲ್ಪ ಸಡಿಲ ಅನಿಸಿದರೆ, ನಲ್ಲಿಗೆ ಸುತ್ತುವ ಬಿಳಿ ಟೇಪ್ ಇದೆಯಲ್ಲ, ಅದನ್ನು ಒಂದು ಸುತ್ತು ಸುತ್ತಿ. ಸಾಕು.

ಈಗ ಕೆಲಸಕ್ಕೆ ಬರೋಣ.

[ದೃಶ್ಯ: ಬಾಗಿಲು ಪೂರ್ತಿ ತೆರೆದಿದೆ. ಕಿಟಕಿ ಗಾಜು ಮೇಲಿದೆ.]

ಬಾಗಿಲು ತೆಗೆದಿಡಿ. ಗಾಜು ಪೂರ್ತಿ ಮೇಲಕ್ಕೆ ಏರಿಸಿ. ಇನ್ನೊಂದು ಬಾಗಿಲಿನ ಗಾಜು ಇಳಿಸಿಡಿ. ಕೀ ನಿಮ್ಮ ಜೇಬಿನಲ್ಲಿರಲಿ, ಸೀಟಿನ ಮೇಲಲ್ಲ. ಸೆಂಟರ್ ಲಾಕ್ ಇರುವ ಕೆಲವು ಗಾಡಿಗಳು ತಾವೇ ಮತ್ತೆ ಲಾಕ್ ಆಗುತ್ತವೆ.

ಹಳೇ ಪಿನ್ ಇನ್ನೂ ಇದ್ದರೆ ಎಡಕ್ಕೆ ತಿರುಗಿಸಿ. ಕೈಗೆ ಬರಲಿಲ್ಲ ಅಂದರೆ ಬಟ್ಟೆ ಸುತ್ತಿ ಪ್ಲೇಯರಿನಲ್ಲಿ ಹಿಡಿಯಿರಿ. ಈ ಜಾಗದಲ್ಲಿ ಸ್ವಲ್ಪ ನಿಧಾನ. ಪಿನ್ ತಿರುಗುತ್ತಿದೆಯಾ, ಕಡ್ಡಿಯೂ ಜೊತೆಗೆ ತಿರುಗುತ್ತಿದೆಯಾ ನೋಡಿ. ಕಡ್ಡಿ ತಿರುಗಿದರೆ ಕೆಳಗಿನ ಆ ಪ್ಲಾಸ್ಟಿಕ್ ಕ್ಲಿಪ್ ಬಿಚ್ಚಿಕೊಳ್ಳಬಹುದು. ಬಿಚ್ಚಿಕೊಂಡರೆ ಕಡ್ಡಿ ಬಾಗಿಲ ಹೊಟ್ಟೆಯೊಳಗೆ ಬಿದ್ದು ಟಣ್ ಅನ್ನುತ್ತದೆ. ಆ ಸದ್ದು ಕೇಳಿದರೆ ಐದು ನಿಮಿಷದ ಕೆಲಸ ಅರ್ಧ ದಿನದ್ದಾಯಿತು ಅಂತ ಅರ್ಥ. ಅದಕ್ಕೇ ಪಿನ್ ಮೇಲೆತ್ತಿ, ಕೆಳಗೆ ಕಾಣುವ ಕಡ್ಡಿಯನ್ನು ನೋಸ್ ಪ್ಲೇಯರಿನಲ್ಲಿ ಹಿಡಿದುಕೊಂಡು ತಿರುಗಿಸಿ.

ಪಿನ್ ಮುರಿದು ಅದರ ಬುಡ ಥ್ರೆಡ್ಡಿಗೆ ಕಚ್ಚಿಕೊಂಡಿದ್ದರೆ ತಿರುಗಿಸಲು ಹೋಗಬೇಡಿ. ಒಣಗಿದ ಪ್ಲಾಸ್ಟಿಕ್ ಅದು, ಪ್ಲೇಯರಿನಲ್ಲಿ ಅಮುಕಿದರೆ ಅಡಕೆ ಥರ ಒಡೆದು ಉದುರುತ್ತದೆ. ಕೆಲವರು ಲೈಟರ್ ಹಿಡಿದು ಕರಗಿಸುತ್ತಾರೆ. ಪಕ್ಕದಲ್ಲಿರುವುದು ರೆಕ್ಸಿನ್ ಮತ್ತು ರಬ್ಬರ್. ನಾನು ಏನೂ ಹೇಳುವುದಿಲ್ಲ.

ಥ್ರೆಡ್ಡಿನ ತುಕ್ಕು ಉಜ್ಜಿ. ಹಳೇ ಟೂತ್ ಬ್ರಶ್ ಸಾಕು. ಹೊಸ ಪಿನ್ ಕೈಯಲ್ಲೇ ತಿರುಗಿಸಿ. ಅಡ್ಡ ಕೂತರೆ ತೆಗೆದು ಮತ್ತೆ ಶುರು ಮಾಡಿ, ಜೋರು ಮಾಡಬೇಡಿ.

ಎಷ್ಟು ತಿರುಗಿಸಬೇಕು? ಬಿಗಿ ಆಗುವ ತನಕ ಅಂತ ನಾನೂ ಅಂದುಕೊಂಡಿದ್ದೆ.

[ದೃಶ್ಯ: ಹಿಂದಿನ ಎಡ ಬಾಗಿಲು.]

ಹೋದ ವರ್ಷ ಈ ಹಿಂದಿನ ಬಾಗಿಲಿಗೆ ಪಿನ್ ಹಾಕಿದೆ. ಗಟ್ಟಿಯಾಗಿ ಕೊನೆ ತನಕ ತಿರುಗಿಸಿದೆ. ಒತ್ತಿ ಎತ್ತಿ ನೋಡಲಿಲ್ಲ. ಬಾಗಿಲು ಹಾಕಿದೆ, ಪಿನ್ ಒತ್ತಿದೆ. ಪಿನ್ ತೂತಿನೊಳಗೆ ಪೂರ್ತಿ ಇಳಿದುಹೋಯಿತು. ಉಗುರಿಗೂ ಸಿಗುವುದಿಲ್ಲ. ತೂತಿನ ಸುತ್ತ ಒಂದು ಪ್ಲಾಸ್ಟಿಕ್ ಬಳೆ ಇರಬೇಕಿತ್ತು, ಅದು ಎಂದೋ ಬಿದ್ದುಹೋಗಿತ್ತು. ಅದಿಲ್ಲದೆ ತೂತು ದೊಡ್ಡದಾಗಿ ಪಿನ್ನಿಗೆ ದಾರಿ ಸಲೀಸಾಗಿತ್ತು. ಹೊರಗಿನಿಂದ ಕೀ ಹಾಕೋಣ ಅಂದರೆ ಹಿಂದಿನ ಬಾಗಿಲಿಗೆ ಕೀ ತೂತೇ ಇಲ್ಲ. ಒಳಗಿನ ಹ್ಯಾಂಡಲ್ ಎಳೆದರೆ ಲಾಕ್ ಆಗಿರುವುದರಿಂದ ಬರುವುದಿಲ್ಲ. ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಮೈಯ ಹೊದಿಕೆ, ಅದನ್ನು ಬಿಚ್ಚೋಣ ಅಂದರೆ ಬಾಗಿಲು ಮುಚ್ಚಿರುವಾಗ ಅದರ ಅಂಚಿಗೆ ಕೈಯೇ ಹೋಗುವುದಿಲ್ಲ.

ಎಂಟು ದಿನ ಅಜ್ಜಿ ಬಲಗಡೆಯಿಂದ ಹತ್ತಿ ಸೀಟಿನ ಮೇಲೆ ಜರುಗಿಕೊಂಡು ಹೋಗಿ ಕೂತರು. ನನಗೆ ಬೈದದ್ದು ಇಲ್ಲಿ ಬೇಡ.

ಕೊನೆಗೆ ದಾರಿ ಸಿಕ್ಕಿದ್ದು ತೆಂಗಿನ ತೋಟದಲ್ಲಿ. ಡ್ರಿಪ್ಪಿಗೆ ಹಾಕುವ ಸಣ್ಣ ಕಪ್ಪು ಪೈಪ್ ಗೊತ್ತಲ್ಲ? ಅದರ ಒಂದು ಗೇಣು ಕತ್ತರಿಸಿ, ತುದಿಯನ್ನು ಬಿಸಿ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ತೂತಿನಲ್ಲಿ ಇಳಿಸಿ ಪಿನ್ನಿನ ತಲೆ ಮೇಲೆ ಒತ್ತಿದೆ. ನಮ್ಮ ಪಿನ್ನಿನ ತುದಿ ಚೂಪು, ಅದಕ್ಕೇ ಪೈಪ್ ಕಚ್ಚಿಕೊಂಡಿತು. ಆರುವ ತನಕ ಕಾದು ಮೆಲ್ಲಗೆ ಎಳೆದೆ. ಎರಡು ಸಲ ಜಾರಿತು. ಮೂರನೇ ಸಲ ಟಕ್ ಅಂತು. ಆ ಟಕ್ ಇವತ್ತಿಗೂ ಕಿವಿಯಲ್ಲಿದೆ.

ಹಾಗಾಗಿ ಎತ್ತರದ ಲೆಕ್ಕ ಹೀಗೆ. ಪಿನ್ ಪೂರ್ತಿ ಒತ್ತಿದಾಗಲೂ ಅದರ ತಲೆ ಬಳೆಗಿಂತ ಮೇಲೆ, ಒಂದು ಕಡಲೆಕಾಳಿನಷ್ಟು ಎತ್ತರಕ್ಕೆ ಕಾಣುತ್ತಿರಬೇಕು. ಬೆರಳ ತುದಿಗೆ ಸಿಗಬೇಕು. ಅದಕ್ಕಿಂತ ಜಾಸ್ತಿ ಎತ್ತರ ಬಿಟ್ಟರೆ ತಂತಿಗೂ ಸಿಗುತ್ತದೆ, ಮೊಣಕೈಗೂ ಸಿಗುತ್ತದೆ. ಸರಿಯಾಗಿರುವ ಇನ್ನೊಂದು ಬಾಗಿಲನ್ನು ನೋಡಿ ಅದೇ ಅಳತೆ ಇಡುವುದು ಒಳ್ಳೆಯದು. ಬಳೆ ಇಲ್ಲದಿದ್ದರೆ ಅದನ್ನೂ ತನ್ನಿ. ಪಿನ್ನಿಗಿಂತ ಬಳೆ ಮುಖ್ಯ ಅಂತ ನನಗೆ ಈಗ ಅನಿಸುತ್ತದೆ. ಪಿನ್ ಅಲುಗಾಡದೆ ನೇರ ಹೋಗಿ ಬರುವುದು ಅದರಿಂದಲೇ.

ಈಗ ಪರೀಕ್ಷೆ. ಬಾಗಿಲು ತೆರೆದೇ ಇರಲಿ.

[ಕ್ಯಾಮೆರಾ ಹತ್ತಿರದಿಂದ: ಬಾಗಿಲ ಅಂಚಿನ ಲಾಕ್. ಸ್ಕ್ರೂಡ್ರೈವರ್ ಅದರ ಕೊಕ್ಕೆಯನ್ನು ತಳ್ಳುತ್ತದೆ.]

ಇದು ನೋಡಿ, ಬಾಗಿಲ ಅಂಚಿನಲ್ಲಿ ಏಡಿ ಕೊಂಡಿಯ ಥರ ಒಂದು ಕೊಕ್ಕೆ. ಬಾಗಿಲು ಹಾಕಿದಾಗ ಬಾಗಿಲ ಚೌಕಟ್ಟಿನ ಕಂಬದಲ್ಲಿರುವ ಗೂಟವನ್ನು ಹಿಡಿದುಕೊಳ್ಳುವುದು ಇದೇ. ಸ್ಕ್ರೂಡ್ರೈವರಿನಿಂದ ಅದನ್ನು ಮುಚ್ಚುವ ಕಡೆಗೆ ತಳ್ಳಿ. ಟಕ್, ಟಕ್, ಎರಡು ಸಲ ಸದ್ದು ಬರಬೇಕು. ಈಗ ಬಾಗಿಲು ಮುಚ್ಚಿದೆ ಅಂತ ಲಾಕ್ ಅಂದುಕೊಂಡಿದೆ. ಪಿನ್ ಒತ್ತಿ. ಹೊರಗಿನ ಹ್ಯಾಂಡಲ್ ಎಳೆಯಿರಿ, ಕೊಕ್ಕೆ ಬಿಡಬಾರದು. ಪಿನ್ ಎತ್ತಿ, ಮತ್ತೆ ಎಳೆಯಿರಿ, ಕೊಕ್ಕೆ ಪಟ್ ಅಂತ ಬಿಡಬೇಕು. ಹತ್ತು ಸಲ ಮಾಡಿ. ಒಂದು ಸಲ ಕೈಕೊಟ್ಟರೂ ಎತ್ತರ ಮತ್ತೆ ನೋಡಿ.

ಕೊಕ್ಕೆ ತಳ್ಳದೆ ಬರೀ ಪಿನ್ ಒತ್ತಿ ನೋಡುವುದು ಸಾಲದು. ಎಷ್ಟೋ ಕಾರುಗಳ ಮುಂದಿನ ಬಾಗಿಲಿನಲ್ಲಿ, ತೆರೆದಿರುವಾಗ ಪಿನ್ ಒತ್ತಿದರೂ ಬಾಗಿಲು ಹಾಕಿದ ತಕ್ಷಣ ಮೇಲೆ ಬರುತ್ತದೆ. ಕೀ ಒಳಗೆ ಬಿಟ್ಟು ಲಾಕ್ ಮಾಡಿಕೊಳ್ಳದಿರಲಿ ಅಂತ ಹಾಗೆ ಮಾಡಿರುತ್ತಾರೆ. ಅದು ಕೆಟ್ಟಿದೆ ಅಂತ ಹೆದರಬೇಡಿ.

ಇನ್ನೊಂದು. ಪರೀಕ್ಷೆ ಮುಗಿದ ಮೇಲೆ ಕೊಕ್ಕೆ ಬಿಟ್ಟಿದೆಯಾ ಅಂತ ಕಣ್ಣಲ್ಲಿ ನೋಡಿ, ಆಮೇಲೆ ಬಾಗಿಲು ಹಾಕಿ. ಮುಚ್ಚಿದ ಕೊಕ್ಕೆಯನ್ನು ಹಾಗೇ ಬಿಟ್ಟು ಬಾಗಿಲು ಬಡಿದರೆ ಅದು ಗೂಟಕ್ಕೆ ಗುದ್ದಿ ಪೆಟ್ಟಾಗುತ್ತದೆ.

ಸೆಂಟರ್ ಲಾಕ್ ಇದ್ದರೆ ರಿಮೋಟಿನಲ್ಲೂ ನೋಡಿ. ಎಲ್ಲಾ ಪಿನ್‌ಗಳೂ ಒಟ್ಟಿಗೆ ಹಾರಬೇಕು. ಒಂದು ಮಾತ್ರ ಅರ್ಧಕ್ಕೆ ನಿಂತು ನಡುಗಿದರೆ, ಪಿನ್ ಬಳೆಗೆ ಉಜ್ಜುತ್ತಿದೆಯಾ ಮೊದಲು ನೋಡಿ. ಅದಲ್ಲ ಅಂದರೆ ಒಳಗಿನ ಸಣ್ಣ ಮೋಟರ್ ಸೋತಿರಬಹುದು. ಅದು ಪಿನ್ನಿನ ತಪ್ಪಲ್ಲ.

ಕಡ್ಡಿ ಒಳಗೆ ಬಿದ್ದಿದ್ದರೆ ಡೋರ್ ಪ್ಯಾಡ್ ತೆಗೆಯಬೇಕಾಗುತ್ತದೆ. ಒತ್ತಿ ಕೂರಿಸುವ ಥರದ ಕೆಲವು ಪಿನ್‌ಗಳಿಗೂ ಹಾಗೇ. ಹ್ಯಾಂಡಲ್ ಹಿಂದೆ, ಕೈಹಿಡಿಯ ಕೆಳಗೆ ತಿರುಪುಗಳಿರುತ್ತವೆ. ಸುತ್ತ ಪ್ಲಾಸ್ಟಿಕ್ ಕ್ಲಿಪ್ಪುಗಳು. ಅದರ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ದಯವಿಟ್ಟು ಹರಿಯಬೇಡಿ. ಮಳೆ ನೀರು ಗಾಜಿನ ಸಂದಿನಿಂದ ಬಾಗಿಲೊಳಗೆ ಇಳಿದು, ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ಆ ನೀರು ನಿಮ್ಮ ಕಾಲ ಬುಡಕ್ಕೆ ಬರದಂತೆ ತಡೆಯುವುದು ಈ ಹಾಳೆ. ಪ್ಯಾಡ್ ತೆಗೆಯುವುದನ್ನು ಬೇರೆ ವಿಡಿಯೋದಲ್ಲಿ ಪೂರ್ತಿ ತೋರಿಸುತ್ತೇನೆ.

[ದೃಶ್ಯ: ಅಪ್ಪ ಡ್ರೈವರ್ ಸೀಟಿನಲ್ಲಿ. ಹೊಸ ಪಿನ್ ಎತ್ತುತ್ತಾರೆ, ಒತ್ತುತ್ತಾರೆ, ಮತ್ತೆ ಎತ್ತುತ್ತಾರೆ.]

ಸರಿ, ಮುಂದಿನ ಎರಡು ಬಾಗಿಲು ಆಯಿತು. ಹಿಂದಿನದು ಇನ್ನೊಂದು ಬಾಕಿ ಇದೆ. ಅಪ್ಪ, ಆ ಪ್ಲೇಯರ್ ಈ ಕಡೆ ಕೊಡಿ.

"ಇರಲಿ ಬಿಡೋ, ಅಲ್ಲೇ ಇರಲಿ."