‘ಹೌದ್ರಿ’ ಅನ್ನೋ ಟ್ರಂಪೆಟ್

ನಮಸ್ಕಾರ್ರೀ. ಈಗ ಸ್ಕ್ರೀನ್ ಮೇಲೆ ಕಾಣುತ್ತಿರುವುದು ಧಾರವಾಡದ ಜುಬಿಲಿ ಸರ್ಕಲ್. ಬೆಳಿಗ್ಗೆ ಎಂಟೂವರೆ. ಚಿಗರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿದೆ. ಅಂದಮೇಲೆ ದಿನ ಚೆನ್ನಾಗೇ ಇರಬೇಕು.

ವಿಷಯ ಏನಂದರೆ, 2024ರ ಮೇ ತಿಂಗಳಲ್ಲಿ ಹಾಡು ಕೇಳುವ ಆ್ಯಪ್ ಆಪಲ್ ಮ್ಯೂಸಿಕ್‌ನವರು 100 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿ ಬಿಟ್ಟಿದ್ದರು. ದಿನಕ್ಕೆ 10, ನೂರರಿಂದ ಕೆಳಗೆ ಎಣಿಸುತ್ತಾ. ಎಷ್ಟು ಜನ ಕೇಳಿದರು ಅನ್ನುವ ಲೆಕ್ಕ ಅಲ್ಲ, ಅವರ ತಂಡದವರು ಮತ್ತು ಕೆಲವು ಕಲಾವಿದರು ಸೇರಿ ಆರಿಸಿದ್ದು. ಆಗ ಸ್ಕ್ರೀನ್‌ಶಾಟ್ ತೆಗೆದಿಟ್ಟು ಮರೆತಿದ್ದೆ. ಮೊನ್ನೆ ಫೋನ್ ಖಾಲಿ ಮಾಡುವಾಗ ಸಿಕ್ಕಿತು. ಮನೆ ಧಾರವಾಡ, ಕೆಲಸ ಹುಬ್ಬಳ್ಳಿ. ನಡುವೆ ಸುಮಾರು 20 ಕಿಲೋಮೀಟರ್. ಹೋಗುವಾಗ ಒಂದು ಆಲ್ಬಮ್, ಬರುವಾಗ ಒಂದು. ನಿಯಮ ಒಂದೇ, ನಡುವೆ ಯಾವ ಹಾಡನ್ನೂ ಹಾರಿಸುವಂತಿಲ್ಲ.

ಎರಡನೇ ಸ್ಥಾನ ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’. 1982ರದ್ದು. ಇರೋ 9 ಹಾಡಿನಲ್ಲಿ 7 ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಂದು, ಏಳೂ ಅಮೆರಿಕದ ಟಾಪ್ 10 ಸೇರಿದ್ದವು. ಇದರ ಬಗ್ಗೆ ನಾನೇನು ಹೇಳಲಿ? ನಮ್ಮ ಗಣಪತಿ ಪೆಂಡಾಲಿನಲ್ಲೂ ಕುಣಿದಿದ್ದೇವೆ. ಐದನೇದು ಫ್ರ್ಯಾಂಕ್ ಓಷನ್‌ನ ‘ಬ್ಲಾಂಡ್’. ಇದು ನನಗೆ ಹತ್ತಲಿಲ್ಲ. ತಾಳವೇ ಇಲ್ಲದ ಹಾಡುಗಳು ಜಾಸ್ತಿ. ಸತ್ತೂರಿನಿಂದ ನವನಗರ ಬರುವಷ್ಟರಲ್ಲಿ ಮೂರು ಸಲ ಟೈಮ್ ನೋಡಿದೆ. ಬೈಯಬೇಡಿ, ರಾತ್ರಿ ಒಬ್ಬನೇ ಕೇಳಬೇಕಾದ್ದು ಇರಬಹುದು.

ಮೊದಲನೇ ಸ್ಥಾನ ಲಾರಿನ್ ಹಿಲ್‌ಗೆ. ‘ದ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್’, 1998. ಆಕೆ ಒಬ್ಬಳೇ ಮಾಡಿದ ಸ್ಟುಡಿಯೋ ಆಲ್ಬಮ್ ಇದೊಂದೇ. ಶುರುವಾಗುವುದು ಹಾಡಿನಿಂದಲ್ಲ. ಸಾಲಿ ಗಂಟೆ ಬಾರಿಸುತ್ತದೆ, ಮಾಸ್ತರು ಹಾಜರಿ ಕರೆಯುತ್ತಾರೆ, ಹುಡುಗರು ಒಬ್ಬೊಬ್ಬರಾಗಿ ಹೂಂ ಅನ್ನುತ್ತಾರೆ.

ಇದನ್ನು ಮನೆಯಲ್ಲಿ ಸ್ಪೀಕರ್‌ಗೆ ಹಾಕಿದ್ದೆ. ನಮ್ಮಪ್ಪ ರಿಟೈರ್ಡ್ ಸಾಲಿ ಮಾಸ್ತರು. ಅವರೆಕಾಯಿ ಬಿಡಿಸುತ್ತಾ ಕೂತವರು ತಲೆ ಎತ್ತಿದರು. “ಏನೋ ಇದು, ಹಾಜರಿ ಕರ್ಯಾಕತ್ತಾರ?”

“ಹೂಂ ಅಪ್ಪಾ.”

ಮಾಸ್ತರು ಲಾರಿನ್ ಹಿಲ್ ಅಂತ ಕರೆದರು. ಉತ್ತರ ಇಲ್ಲ. ಮತ್ತೆ ಕರೆದರು. ಇಲ್ಲ. ಅಪ್ಪನ ಕೈ ನಿಂತಿತು. “ಆ ಹುಡುಗಿ ಬಂದಿಲ್ಲೇನು ಸಾಲಿಗೆ? ಮನಿಗೆ ಹೇಳಿ ಕಳಸಬೇಕಿತ್ತು.”

ಅಷ್ಟರಲ್ಲಿ ಹಾಡು ಶುರುವಾಗಿತ್ತು. ಗೈರುಹಾಜರಾದವಳೇ ಹಾಡುತ್ತಿದ್ದಾಳೆ ಅಂದೆ. ಅಪ್ಪ ಸುಮ್ನೆ ಕೇಳಿದರು. ಅರ್ಧ ಬುಟ್ಟಿ ಅವರೆಕಾಯಿ ಮುಗಿಯುವವರೆಗೆ ಕೇಳಿದರು. ನನ್ನ ಪ್ರಕಾರ ಮೊದಲ ಸ್ಥಾನ ಸರಿಯಾಗಿದೆ.

ಆದರೆ ಪಟ್ಟಿ ಅಂದರೆ ಪಟ್ಟಿ ಅಷ್ಟೇ, ಅಲ್ವಾ? ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್‌ನ 2020ರ ಪಟ್ಟಿಯಲ್ಲಿ ಮೊದಲನೇದು. ಇಲ್ಲಿ 17ನೇದು. ನಾಲ್ಕು ವರ್ಷದಲ್ಲಿ ಆ ಹಾಡುಗಳೇನು ಹಳಸಿದವಾ?

ನನಗೆ ಸಿಟ್ಟು ಬಂದದ್ದು ಇನ್ನೊಂದಕ್ಕೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ‘ಕೈಂಡ್ ಆಫ್ ಬ್ಲೂ’, 1959. ಅದನ್ನು 25ಕ್ಕೆ ಇಟ್ಟಿದ್ದಾರೆ! ಜಾಝ್ ನನಗೆ ಅರ್ಥವಾಗುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಇದು ನಮ್ಮ ಕಡೆಯ ಕಿವಿಗೆ ತಾನಾಗೇ ಕೂಡುತ್ತದೆ. ಎರಡೇ ದಿನದ ರೆಕಾರ್ಡಿಂಗ್. ಒಂದು ಮಾರ್ಚ್‌ನಲ್ಲಿ, ಒಂದು ಏಪ್ರಿಲ್‌ನಲ್ಲಿ. ಜೊತೆಗಾರರ ಕೈಗೆ ಮೈಲ್ಸ್ ಕೊಟ್ಟದ್ದು ಪೂರ್ತಿ ಬರೆದ ಸಂಗೀತ ಅಲ್ಲ, ಸ್ವರಗಳ ಚೌಕಟ್ಟು ಮಾತ್ರ. ಇಷ್ಟು ಸ್ವರ ಇವೆ, ಇದರೊಳಗೆ ಬೆಳೆಸಿಕೊಂಡು ಹೋಗ್ರಿ ಅಂತ. ರಾಗ ಕೇಳಿ ಬೆಳೆದ ಧಾರವಾಡದಲ್ಲಿ ಇದನ್ನು ಬಿಡಿಸಿ ಹೇಳಬೇಕಾ?

ಅದರ ಮೊದಲನೇದು ‘ಸೋ ವಾಟ್’. ಬೇಸ್ ಅನ್ನೋ ದಪ್ಪ ದನಿಯ ತಂತಿವಾದ್ಯ ಒಂದು ಮಾತು ಕೇಳುತ್ತದೆ. ಅದಕ್ಕೆ ಮೊದಲು ಪಿಯಾನೊ, ಆಮೇಲೆ ಟ್ರಂಪೆಟ್ ಮತ್ತು ಸ್ಯಾಕ್ಸೊಫೋನ್‌ಗಳು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತವೆ. ಮತ್ತೆ ಕೇಳುತ್ತದೆ. ಮತ್ತೆ ಅದೇ ಎರಡು ಸ್ವರ. ಒಂದು ಇಯರ್‌ಬಡ್ ಅಪ್ಪನ ಕಿವಿಗೆ ಇಟ್ಟೆ. ಸ್ವಲ್ಪ ಹೊತ್ತು ಕೇಳಿ ನಕ್ಕರು.

“ಹೌದ್ರಿ ಅನ್ನಾಕತ್ತೈತಲ್ಲೋ ಅದು. ಕಟ್ಟಿ ಮ್ಯಾಲೆ ಕುಂತು ಒಬ್ಬಾವ ಹೇಳ್ತಾನ, ಉಳಿದಾವ್ರು ಹೌದ್ರಿ, ಹೌದ್ರಿ.”

‘ಸೋ ವಾಟ್’ ಅನ್ನೋ ಹೆಸರಿನ ಅರ್ಥ ‘ಏನೀಗ?’ ಅಂತ. ನಾನು ಹೇಳಲಿಲ್ಲ. ಈಗ ನನಗೂ ಅದು ಹೌದ್ರಿ ಅಂತಲೇ ಕೇಳುತ್ತದೆ. ನೀವೂ ಒಮ್ಮೆ ಕೇಳಿ, ಇನ್ನು ಬಿಡೋದಿಲ್ಲ.

100ರಲ್ಲಿ ನಮ್ಮ ದೇಶದ್ದು ಒಂದೂ ಇಲ್ಲ. ಮೊದಲು ನನಗೂ ಹೊಟ್ಟೆ ಉರಿದಿತ್ತು. ಯೋಚಿಸಿದಾಗ ಅನ್ನಿಸಿದ್ದು, ಅವರು ಅಳೆಯುತ್ತಿರುವುದು ಆಲ್ಬಮ್. ಅದು ಎಲ್‌ಪಿ ಅನ್ನೋ ದೊಡ್ಡ ಗ್ರಾಮಫೋನ್ ತಟ್ಟೆಯ ಕೂಸು. 1948ರಲ್ಲಿ ಎಲ್‌ಪಿ ಬಂದು ಒಂದು ಮಗ್ಗಲಿಗೆ 20 ನಿಮಿಷ ಹಿಡಿಸುವ ಹಾಗಾಯಿತು. ಅದಕ್ಕೆ ಮುಂಚೆ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆ, ಮಗ್ಗಲಿಗೆ ಸುಮಾರು 3 ನಿಮಿಷ. ನಮ್ಮ ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ರೆಕಾರ್ಡುಗಳು ಬಂದದ್ದು ಅಂಥ ತಟ್ಟೆಯಲ್ಲೇ, ‘ಗಾಂಧಾರಿ’ ಅನ್ನುವ ಹೆಸರಿನಲ್ಲಿ. ಗಂಟೆಗಟ್ಟಲೆ ಹಾಡುವ ರಾಗವನ್ನು 3 ನಿಮಿಷಕ್ಕೆ ಮಡಚಿ ಕೊಡಬೇಕಿತ್ತು. ಇದಕ್ಕೆ ಎಷ್ಟನೇ ನಂಬರ್ ಕೊಡುತ್ತೀರಿ?

ಆದರೂ ಒಂದು ಹೆಸರು ಸೇರಿಸು ಅಂದರೆ, ಸಿ. ಅಶ್ವಥ್ ಹಾಡಿದ ಶಿಶುನಾಳ ಶರೀಫರ ಹಾಡುಗಳ ಕ್ಯಾಸೆಟ್. ಶರೀಫರು ಹಾವೇರಿ ಜಿಲ್ಲೆಯವರು ಅನ್ನುವ ಅಭಿಮಾನ ಇದೆ, ಸುಳ್ಳು ಹೇಳಲ್ಲ. ಅದಕ್ಕಿಂತ ಜಾಸ್ತಿ, ನಮ್ಮ ಓಣಿಯ ಹಿಟ್ಟಿನ ಗಿರಣಿಯ ನೆನಪು. ಜೋಳದ ಡಬ್ಬಿ ಹಿಡಿದು ಪಾಳಿ ನಿಂತಿರುತ್ತಿದ್ದೆವು. ಗಿರಣಿ ಶುರುವಾದರೆ ಹಾಡು ಮುಳುಗುತ್ತಿತ್ತು. ಆಗ ಗಿರಣಿ ಕಾಕಾ ವಾಲ್ಯೂಮ್ ಏರಿಸುತ್ತಿದ್ದರು. ಗಿರಣಿ ನಿಂತಾಗ ಅಶ್ವಥ್ ಒಮ್ಮೆಲೇ ಓಣಿ ತುಂಬ. ಟೇಪ್ ರೆಕಾರ್ಡರಿನ ಗುಂಡಿಗಳೆಲ್ಲ ಹಿಟ್ಟು ಹಿಡಿದು ಬೆಳ್ಳಗಾಗಿದ್ದವು.

ಕ್ಯಾಸೆಟ್ ಅಂದೆ ಅಲ್ವಾ. ಅಪ್ಪನ ಹತ್ತಿರ ಒಂದು 60 ನಿಮಿಷದ ಕ್ಯಾಸೆಟ್ ಇದೆ. ಧಾರವಾಡ ಆಕಾಶವಾಣಿಯಲ್ಲಿ ಬಂದ ಮಲ್ಲಿಕಾರ್ಜುನ ಮನಸೂರರ ಹಾಡಿಕೆಯನ್ನು ರೇಡಿಯೋ ಮುಂದೆ ಕೂತು ತುಂಬಿಕೊಂಡದ್ದು. ತಾನ ಏರುತ್ತಿರುವಾಗಲೇ ಟಕ್ ಅಂತ ಎ ಸೈಡ್ ಮುಗಿಯುತ್ತದೆ. ಬಿ ಸೈಡ್ ಶುರುವಾಗುವಾಗ ತಾನ ಎಲ್ಲೋ ಇಳಿದುಬಿಟ್ಟಿರುತ್ತದೆ. ಹೋದ ಭಾನುವಾರ ಅದನ್ನು ಕಂಪ್ಯೂಟರ್‌ಗೆ ಹಾಕಿದೆ. ಎರಡೂ ಸೈಡ್ ಜೋಡಿಸಿ, ನಡುವಿನ ಖಾಲಿ ಜಾಗ ಕತ್ತರಿಸಿ, ನುಣ್ಣಗೆ ಮಾಡಿ ಅಪ್ಪನಿಗೆ ಕೇಳಿಸಿದೆ. ಜೋಡಣೆ ಬಂದ ಕೂಡಲೇ ಕೈ ಎತ್ತಿದರು.

“ಇಲ್ಲೆ ಏನೋ ಹೋತಲ್ಲೋ.”

“ಏನೂ ಹೋಗಿಲ್ಲ ಅಪ್ಪಾ. ಖಾಲಿ ಇದ್ದದ್ದನ್ನ ತೆಗೆದೇನಿ.”

“ಖಾಲಿ ಎಲ್ಲಿತ್ತು? ನಾ ಎದ್ದು ಹೊಳ್ಳಿ ಹಾಕ್ತಿದ್ನೆಲ್ಲ, ಅದು.”

ರಾತ್ರಿ ಕೂತು ಆ ಜಾಗ ವಾಪಸ್ ಹಾಕಿದೆ. ಒಂದು ಟಕ್, 8 ಸೆಕೆಂಡ್ ಮೌನ, ಮತ್ತೊಂದು ಟಕ್. ಈಗ ಉಣಕಲ್ ಕೆರೆ ಬಂತು, ನೋಡಿ. ಆ 8 ಸೆಕೆಂಡ್ ಇಲ್ಲೇ ಹಾಕುತ್ತಿದ್ದೇನೆ. ನಿಮ್ಮ ಫೋನ್ ಕೆಟ್ಟಿಲ್ಲ.