ಬಿಸಿಲಿಗೆ ಬೆನ್ನು ಹಾಕಿದ ಪುಸ್ತಕದ ಬೀದಿ

ನಮಸ್ಕಾರ ಕೇಳುಗರೇ. ಟೋಕಿಯೊ ಅಂದ ಕೂಡಲೇ ಎಲ್ಲರೂ ಶಿಬುಯಾದ ಜನಜಂಗುಳಿಯಿಂದಲೇ ಮಾತು ಶುರು ಮಾಡುತ್ತಾರೆ. ನಾನು ಇವತ್ತು ಜಿಂಬೊಚೊ ಬಗ್ಗೆ ಹೇಳುತ್ತೇನೆ. ಚಿಯೋದಾ ವಾರ್ಡಿನಲ್ಲಿ, ಮೂರು ಮೆಟ್ರೊ ಮಾರ್ಗಗಳು ಸೇರುವ ಜಾಗ. ನಿಲ್ದಾಣದ ಮೆಟ್ಟಿಲು ಹತ್ತಿ ಮೇಲೆ ಬಂದರೆ ಹಳೇ ಪುಸ್ತಕದ ಅಂಗಡಿಗಳು. ಹತ್ತಲ್ಲ, ಇಪ್ಪತ್ತಲ್ಲ, ನೂರಕ್ಕೂ ಜಾಸ್ತಿ!

ಯಾಸುಕುನಿ ರಸ್ತೆಯಲ್ಲಿ ನಿಂತು ಎರಡೂ ಕಡೆ ನೋಡಿ. ಪುಸ್ತಕದಂಗಡಿಗಳು ಹೆಚ್ಚುಕಮ್ಮಿ ಎಲ್ಲವೂ ದಕ್ಷಿಣದ ಬದಿಯಲ್ಲೇ ಇವೆ. ಯಾಕೆ ಗೊತ್ತಾ? ಆ ಬದಿಯ ಅಂಗಡಿಗಳ ಬಾಗಿಲು ಉತ್ತರಕ್ಕೆ. ಅಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡೇ ಸಾಗುತ್ತಾನೆ, ಹಾಗಾಗಿ ಬಾಗಿಲಲ್ಲಿಟ್ಟ ಪುಸ್ತಕಕ್ಕೆ ನೇರ ಬಿಸಿಲು ಬಡಿಯುವುದಿಲ್ಲ, ಹಾಳೆ ಹಳದಿಯಾಗುವುದಿಲ್ಲ, ರಟ್ಟಿನ ಬಣ್ಣ ಮಾಸುವುದಿಲ್ಲ. ಪುಸ್ತಕಕ್ಕೆ ನೆರಳು ಬೇಕು ಅಂತ ಒಂದು ಬೀದಿಯೇ ಹೀಗೆ ಮುಖ ತಿರುಗಿಸಿ ನಿಂತಿದೆಯಲ್ಲ, ಅದೇ ನನಗೆ ತುಂಬಾ ಇಷ್ಟ.

ಇದೆಲ್ಲ ಶುರುವಾಗಿದ್ದು ವಿದ್ಯಾರ್ಥಿಗಳಿಂದ. 1880ರ ದಶಕದಲ್ಲಿ ಈ ಸುತ್ತಿನಲ್ಲಿ ಕಾನೂನು ಶಾಲೆಗಳು ಒಂದರ ಹಿಂದೊಂದು ತೆರೆದವು. ಓದಿ ಮುಗಿಸಿದವರು ಪುಸ್ತಕ ಮಾರುವುದು, ಹೊಸದಾಗಿ ಸೇರಿದವರು ಅದನ್ನೇ ಕೊಳ್ಳುವುದು. 1913ರಲ್ಲಿ ದೊಡ್ಡ ಬೆಂಕಿ ಬಿದ್ದು ಇಲ್ಲಿ ಬಹಳಷ್ಟು ಸುಟ್ಟುಹೋಯಿತು. ಅದೇ ವರ್ಷ ಇವಾನಾಮಿ ಶಿಗೆಒ ಎಂಬ ಮೇಷ್ಟ್ರು ಕೆಲಸ ಬಿಟ್ಟು ಬಂದು ಇಲ್ಲೇ ಹಳೇ ಪುಸ್ತಕದಂಗಡಿ ಇಟ್ಟರು. ಹಾಕಿದ ಬೆಲೆಗೇ ಮಾರಾಟ, ಚೌಕಾಸಿ ಇಲ್ಲ. ಆ ಅಂಗಡಿಯೇ ಮುಂದೆ ಜಪಾನಿನ ಹೆಸರುವಾಸಿ ಪ್ರಕಾಶನವಾಯಿತು. 1923ರ ಭೂಕಂಪದಲ್ಲಿ ಎದ್ದ ಬೆಂಕಿಗೆ ಬೀದಿ ಮತ್ತೆ ಸುಟ್ಟಿತು. ಅಂಗಡಿಯವರು ಮತ್ತೆ ಅಲ್ಲಿಗೇ ಬಂದರು.

ಒಂದೊಂದು ಅಂಗಡಿಗೂ ಒಂದೊಂದು ವಿಷಯ. ಯಾಗುಚಿ ಎಂಬಲ್ಲಿ ಸಿನಿಮಾ, ನಾಟಕದ ಪುಸ್ತಕಗಳು. ಕಟ್ಟಡದ ಹೊರಗೋಡೆಗೂ ಕಪಾಟು, ದಾರಿಯಲ್ಲಿ ಹೋಗುವವರು ಅಲ್ಲೇ ನಿಂತು ಓದುತ್ತಿರುತ್ತಾರೆ. 1882ರಲ್ಲಿ ಶುರುವಾದ ಓಯಾ ಶೋಬೊದಲ್ಲಿ ಎದೊ ಕಾಲದ, ಅಂದರೆ 17ರಿಂದ 19ನೇ ಶತಮಾನದ ನಕ್ಷೆಗಳು, ಮರದಚ್ಚಿನ ಚಿತ್ರಗಳು ಸಿಗುತ್ತವೆ. ಹಳೇ ಪುಸ್ತಕಕ್ಕೆ ಸುತ್ತಿದ ತೆಳು ಕಾಗದದ ಹಿಂದೆ ಹೆಸರು ಮಸುಕಾಗಿ ಕಾಣುತ್ತದೆ. ಮುಟ್ಟಿದರೆ ಸರಸರ ಸದ್ದು. ಬೆಲೆ ಸಾಮಾನ್ಯವಾಗಿ ಒಳಗೆ, ಕೊನೆಯ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿರುತ್ತದೆ. ದುಡ್ಡು ಕಮ್ಮಿ ಇದ್ದರೆ ಚಿಂತೆ ಬೇಡ, ಬಾಗಿಲ ಮುಂದಿನ ಗಾಡಿಗಳಲ್ಲಿ 100 ಯೆನ್‌ಗೂ ಪುಸ್ತಕ ಸಿಗುತ್ತದೆ.

ಹೊಟ್ಟೆ ಹಸಿಯಿತಾ? ಇಲ್ಲಿ ಎಲ್ಲಿ ನೋಡಿದರೂ ಕರಿ, ಅಂದರೆ ಅನ್ನದ ಜೊತೆ ಕೊಡುವ ಮಸಾಲೆ ಸಾರಿನ ಹೋಟೆಲುಗಳು. ಬ್ರಿಟಿಷರ ಕೈದಾಟಿ ಜಪಾನಿಗೆ ಹೋದ ಅಡುಗೆ, ನಮ್ಮ ಹುಳಿಗಿಂತ ಗಟ್ಟಿ, ಸ್ವಲ್ಪ ಸಿಹಿ. ಇಲ್ಲಿ ಕರಿ ಇಷ್ಟು ಓಡುವುದಕ್ಕೆ ಜನ ಹೇಳುವ ಕಾರಣ ಏನು ಅಂತೀರಾ? ಚಮಚ ಒಂದು ಕೈಯಲ್ಲಿ ಸಾಕು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿಯಬಹುದು! ಊಟ ಆದ ಮೇಲೆ ಕಾಫಿಗೆ ಸಬೊರು ಇದೆ, 1955ರಿಂದ ನಡೆಯುತ್ತಿರುವ ಮಂದ ಬೆಳಕಿನ ಜಾಗ. ಆಗಷ್ಟೇ ಕೊಂಡ ಪುಸ್ತಕವನ್ನು ಬಿಚ್ಚಿ ನೋಡಲು ಅದಕ್ಕಿಂತ ಒಳ್ಳೇ ಮೂಲೆ ಬೇಡ.

ಹೋಗುವುದಾದರೆ ಅಕ್ಟೋಬರ್ ಕೊನೆಗೆ ಹೋಗಿ. 1960ರಲ್ಲಿ ಶುರುವಾದ ಹಳೇ ಪುಸ್ತಕದ ಹಬ್ಬ ಆಗ ನಡೆಯುತ್ತದೆ, ಕಪಾಟುಗಳು ಫುಟ್‌ಪಾತಿಗೇ ಇಳಿದಿರುತ್ತವೆ. ಬೇರೆ ದಿನಗಳಲ್ಲಾದರೆ ಭಾನುವಾರ ಬೇಡ, ಬಹಳ ಅಂಗಡಿಗಳಿಗೆ ರಜೆ. ಸಂಜೆಗೂ ಉಳಿಸಿಕೊಳ್ಳಬೇಡಿ, ಕತ್ತಲಾಗುತ್ತಿದ್ದಂತೆ ಗಾಡಿಗಳನ್ನು ಒಳಗೆ ತಳ್ಳಲು ಶುರು ಮಾಡುತ್ತಾರೆ.