ಉಚಿತ ಪುಸ್ತಕಕ್ಕೂ ಒಂದು ನಮೂದು

ಆತ್ಮೀಯ ಕೇಳುಗರೇ, ನಮಸ್ಕಾರ. ಇಂದಿನ ನನ್ನ ಮಾತು ಮುಖ್ಯವಾಗಿ ಗ್ರಂಥಾಲಯಗಳಲ್ಲಿ ದುಡಿಯುವ ನನ್ನ ಸಹೋದ್ಯೋಗಿಗಳಿಗೆ, ಮತ್ತು ಯಾವ ಪುಸ್ತಕ ತರಿಸಬೇಕು, ಯಾವುದು ಬೇಡ ಎಂದು ತೀರ್ಮಾನಿಸುವ ಗ್ರಂಥಾಲಯ ಸಮಿತಿಗಳ ಸದಸ್ಯರಿಗೆ. ನಾನು ಹೇಳಬೇಕೆಂದಿರುವುದು ಒಂದೇ ಸಂಗತಿ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಗತ್ತಿಗೆಲ್ಲ ಉಚಿತವಾಗಿ ತೆರೆದಿಟ್ಟ ಒಳ್ಳೆಯ ಪುಸ್ತಕವೊಂದು ನಿಮ್ಮ ಕ್ಯಾಟಲಾಗಿನಲ್ಲಿ ಇಲ್ಲವೆಂದಾದರೆ, ನಿಮ್ಮ ಓದುಗರ ಪಾಲಿಗೆ ಆ ಪುಸ್ತಕ ಇಲ್ಲ.

ಓಪನ್ ಆಕ್ಸೆಸ್, ಅಂದರೆ ಮುಕ್ತ ಲಭ್ಯತೆ, ಎಂಬ ಮಾತಿಗೆ ಖಚಿತವಾದ ಅರ್ಥವಿದೆ. 2002ರ ಫೆಬ್ರವರಿಯಲ್ಲಿ ಪ್ರಕಟವಾದ ಬುಡಾಪೆಸ್ಟ್ ಘೋಷಣೆ ಅದನ್ನು ಸ್ಪಷ್ಟವಾಗಿ ವಿವರಿಸಿತು: ವಿದ್ವತ್ ಬರಹವನ್ನು ಯಾರು ಬೇಕಾದರೂ ಓದಬಹುದು, ಇಳಿಸಿಕೊಳ್ಳಬಹುದು, ನಕಲು ಮಾಡಬಹುದು, ಹಂಚಬಹುದು, ಮುದ್ರಿಸಿಕೊಳ್ಳಬಹುದು, ಲೇಖಕರ ಹೆಸರನ್ನು ಸರಿಯಾಗಿ ಸೂಚಿಸಬೇಕು, ಅಷ್ಟೇ. ಅದೇ ವರ್ಷದ ಕೊನೆಗೆ ಬಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಈ ಅನುಮತಿಯನ್ನು ಕೃತಿಯ ಮೇಲೆಯೇ ಬರೆದಿಡುವ ಸರಳ ದಾರಿಯನ್ನು ಒದಗಿಸಿದವು. ಯಾರೋ ಸ್ಕ್ಯಾನ್ ಮಾಡಿ ಕದ್ದು ಹರಿಯಬಿಟ್ಟ ಪಿಡಿಎಫ್‌ಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಉಚಿತವೆಂದರೆ ಕಳಪೆ ಎಂದು ಇನ್ನೂ ಹೇಳುವವರಿದ್ದಾರೆ. ತಜ್ಞರ ಪರಿಶೀಲನೆ, ಸಂಪಾದನೆ, ಪ್ರಕಟಣೆ ಎಲ್ಲವೂ ಇಲ್ಲಿಯೂ ನಡೆಯುತ್ತವೆ. ಅವುಗಳ ವೆಚ್ಚವನ್ನು ಓದುಗರ ಬದಲು ಬೇರೆ ಯಾರಾದರೂ ಮೊದಲೇ ಭರಿಸಿರುತ್ತಾರೆ.

ಈ ಪಾಠವನ್ನು ನನಗೆ ಕಲಿಸಿದವಳು ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ಆಕೆಗೆ ಒಂದು ಪುಸ್ತಕ ಬೇಕಾಗಿತ್ತು. ನಮ್ಮ ಕ್ಯಾಟಲಾಗಿನಲ್ಲಿ ಹುಡುಕಿದಳು, ಸಿಗಲಿಲ್ಲ. ನಿಯಮದಂತೆ ಅಂತರಗ್ರಂಥಾಲಯ ಎರವಲಿನ ಅರ್ಜಿಯನ್ನು ತುಂಬಿಕೊಟ್ಟಳು; ನಾನು ಸಹಿ ಹಾಕಿ ಬೇರೊಂದು ಗ್ರಂಥಾಲಯಕ್ಕೆ ಕಳುಹಿಸಿದೆ. ಅವರ ಉತ್ತರ ಬರಲು ಒಂದು ವಾರ, ಅಂಚೆಯಲ್ಲಿ ಪುಸ್ತಕ ಬರಲು ಇನ್ನೆರಡು ವಾರ. ಈ ಮೂರು ವಾರಗಳಲ್ಲಿ ಆಕೆ ದಿನ ಬಿಟ್ಟು ದಿನ ಕೌಂಟರಿಗೆ ಬಂದು, "ಬಂತೇ ಮೇಡಂ?" ಎಂದು ಕೇಳಿ ಹೋಗುತ್ತಿದ್ದಳು. ಕೊನೆಗೊಂದು ಶುಕ್ರವಾರ ಕಂದು ಕಾಗದದಲ್ಲಿ ಸುತ್ತಿದ ಕಟ್ಟು ಬಂತು. ಹದಿನೈದು ದಿನಗಳಲ್ಲಿ ಹಿಂದಿರುಗಿಸಬೇಕು, ಇಡೀ ಪುಸ್ತಕದ ಜೆರಾಕ್ಸ್ ಮಾಡಿಸಬಾರದು ಎಂದು ನಾನು ಗಂಭೀರವಾಗಿ ಎಚ್ಚರಿಸಿ ಕೊಟ್ಟೆ.

ಸೋಮವಾರ ಬೆಳಗ್ಗೆ ಆಕೆ ಪುಸ್ತಕವನ್ನು ಮರಳಿ ತಂದಳು. ಇಷ್ಟು ಬೇಗ ಓದಿ ಮುಗಿಸಿದೆಯಾ ಎಂದು ಕೇಳುವಷ್ಟರಲ್ಲಿ, ಶೀರ್ಷಿಕೆ ಪುಟದ ಹಿಂಬದಿಯನ್ನು ತೆರೆದು ಮೇಜಿನ ಮೇಲಿಟ್ಟು, ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟು, "ಮೇಡಂ, ಈ ಸಾಲನ್ನು ಒಮ್ಮೆ ಓದಿ" ಎಂದಳು. ಅಲ್ಲಿ ಸಾಸಿವೆ ಕಾಳಿನಂಥ ಅಕ್ಷರಗಳು. ಒಂದು ವೃತ್ತದೊಳಗೆ ಎರಡು 'ಸಿ', ಪಕ್ಕದ ವೃತ್ತದಲ್ಲಿ ಪುಟ್ಟದೊಂದು ಮನುಷ್ಯಾಕೃತಿ. ಕ್ರಿಯೇಟಿವ್ ಕಾಮನ್ಸ್ ಗುರುತು. ಈ ಪುಸ್ತಕದ ವಿದ್ಯುನ್ಮಾನ ಆವೃತ್ತಿ ಎಲ್ಲರಿಗೂ ಮುಕ್ತವಾಗಿದೆ ಎಂಬ ಒಕ್ಕಣೆ, ಅದರ ಕೆಳಗೆ ಹತ್ತು ಎಂಬ ಅಂಕಿಯಿಂದ ಆರಂಭವಾಗುವ ಡಿಓಐ ಸಂಖ್ಯೆ, ಅಂದರೆ ಅಂತರಜಾಲದಲ್ಲಿ ಆ ಪುಸ್ತಕದ ಶಾಶ್ವತ ಗುರುತು ಸಂಖ್ಯೆ. ಆ ಸಂಖ್ಯೆಯನ್ನು ಕೌಂಟರಿನ ಕಂಪ್ಯೂಟರಿನಲ್ಲಿ ನಾನೇ ಟೈಪ್ ಮಾಡಿದೆ. ಒಂದು ನಿಮಿಷವೂ ಆಗಲಿಲ್ಲ, ಮುಖಪುಟದಿಂದ ಪದಸೂಚಿಯವರೆಗೆ ಇಡೀ ಪುಸ್ತಕ ತೆರೆದುಕೊಂಡಿತು. ಪ್ರಕಟವಾದ ದಿನದಿಂದಲೂ ಅದು ಅಲ್ಲಿಯೇ ಇತ್ತು.

ಆಕೆ ಸಿಟ್ಟಾಗಲಿಲ್ಲ. "ಇದು ಇಲ್ಲೇ ಇತ್ತಲ್ಲ ಮೇಡಂ, ನಾನು ಹುಡುಕಿದಾಗ ಯಾಕೆ ಬರಲಿಲ್ಲ?" ಎಂದಷ್ಟೇ ಕೇಳಿದಳು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಪ್ರಬಂಧದ ಒಂದು ಅಧ್ಯಾಯಕ್ಕೆ ಮೀಸಲಾಗಿದ್ದ ಮೂರು ವಾರಗಳು ಆಕೆಯ ಕೈಬಿಟ್ಟು ಹೋಗಿದ್ದವು.

ಆ ರಾತ್ರಿ ಯೋಚಿಸಿದಾಗ ಕಾರಣ ಹೊಳೆಯಿತು. ನಮ್ಮಲ್ಲಿ ಸೂಚೀಕರಣ, ಅಂದರೆ ಪುಸ್ತಕವನ್ನು ಕ್ಯಾಟಲಾಗಿಗೆ ಸೇರಿಸುವ ಕೆಲಸ, ಆರಂಭವಾಗುತ್ತಿದ್ದುದು ಬಿಲ್ಲಿನಿಂದ. ಬಿಲ್ಲು ಬಂದರೆ ಪುಸ್ತಕ ಆಕ್ಸೆಶನ್ ರಿಜಿಸ್ಟರಿಗೆ, ಅಂದರೆ ಹೊಸದಾಗಿ ಸೇರಿದ ಪುಸ್ತಕಗಳ ದಾಖಲೆ ಪುಸ್ತಕಕ್ಕೆ, ಏರುತ್ತದೆ, ಆಕ್ಸೆಶನ್ ಸಂಖ್ಯೆ ಬಿದ್ದರೆ ಸೂಚೀಕರಣದ ಮೇಜಿಗೆ ಬರುತ್ತದೆ, ಅಲ್ಲಿಂದ ಕ್ಯಾಟಲಾಗಿಗೆ. ಬಿಲ್ಲೇ ಇಲ್ಲದ ಪುಸ್ತಕ ಈ ಸಾಲಿನ ಮೊದಲ ಬಾಗಿಲನ್ನೇ ದಾಟಲಾರದು. ಯಾರೂ ಅದನ್ನು ತಿರಸ್ಕರಿಸಿರಲಿಲ್ಲ. ಯಾರ ಮೇಜಿನ ಮೇಲೂ ಅದು ಬಂದೇ ಇರಲಿಲ್ಲ. ಮರುದಿನ ಎರವಲು ರಿಜಿಸ್ಟರನ್ನು ಮುಂದಿಟ್ಟುಕೊಂಡು ಒಂದೊಂದೇ ಶೀರ್ಷಿಕೆಯನ್ನು ಹುಡುಕುತ್ತ ಹೋದೆವು. ಅಂಚೆವೆಚ್ಚ ಕೊಟ್ಟು ತರಿಸಿ, ಕಾಯಿಸಿ, ಹಿಂದಿರುಗಿಸಿದ ಪುಸ್ತಕಗಳಲ್ಲಿ ಮುಕ್ತವಾಗಿದ್ದವು ಒಂದೆರಡಲ್ಲ. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ ಜಾರಿಗೆ ಬಂತು: ಖರೀದಿಯ ಆದೇಶವಾಗಲಿ ಎರವಲಿನ ಅರ್ಜಿಯಾಗಲಿ, ಕಳುಹಿಸುವ ಮುನ್ನ ಅದು ಮುಕ್ತವಾಗಿ ಸಿಗುತ್ತದೆಯೇ ಎಂದು ನೋಡಬೇಕು, ಸಿಕ್ಕರೆ ಅದೇ ದಿನ ಕ್ಯಾಟಲಾಗಿನಲ್ಲಿ ನಮೂದು ಮಾಡಬೇಕು.

ಹಾಗೆಂದು ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳಬಾರದು. ಆ ತಪ್ಪನ್ನೂ ನಾವು ಮಾಡಿದೆವು. ಉತ್ಸಾಹದಲ್ಲಿ ನಮ್ಮ ತಂತ್ರಾಂಶದಲ್ಲಿದ್ದ ಉಚಿತ ಸಂಗ್ರಹಗಳ ಪಟ್ಟಿಗೆಲ್ಲ ಟಿಕ್ ಹಾಕಿದೆವು. ಬೆಳಗಾಗುವಷ್ಟರಲ್ಲಿ ಒಂದೇ ಪುಸ್ತಕ ಮೂರು ತಾಣಗಳಿಂದ ಮೂರು ಬಾರಿ ಬಂದು ಕುಳಿತಿತ್ತು, ನಮ್ಮಲ್ಲಿ ಯಾರೂ ಓದಲಾಗದ ಭಾಷೆಗಳ ಸಾವಿರಾರು ನಮೂದುಗಳು ಸೇರಿಕೊಂಡಿದ್ದವು, ಸತ್ತ ಕೊಂಡಿಗಳಿಗಂತೂ ಲೆಕ್ಕವಿರಲಿಲ್ಲ. ಅವನ್ನು ತೆಗೆಯಲು ಒಂದು ತಿಂಗಳು ಹಿಡಿಯಿತು. ಹಣ ಕೊಟ್ಟು ಕೊಳ್ಳುವಾಗ ಯಾವ ವಿಷಯ, ಯಾವ ಮಟ್ಟ, ಯಾವ ಭಾಷೆ, ಯಾರಿಗಾಗಿ ಎಂದು ಕೇಳುತ್ತೇವಲ್ಲ, ಉಚಿತವಾದದ್ದಕ್ಕೂ ಅದೇ ಪ್ರಶ್ನೆಗಳನ್ನು ಕೇಳಬೇಕು. ನಿಮ್ಮ ಗ್ರಂಥಾಲಯದ ಆಯ್ಕೆ ನೀತಿಯಲ್ಲಿ ಓಪನ್ ಆಕ್ಸೆಸ್ ಎಂಬ ಪದ ಇದುವರೆಗೆ ಇಲ್ಲದಿದ್ದರೆ, ಮುಂದಿನ ಸಭೆಯಲ್ಲಿ ದಯವಿಟ್ಟು ಸೇರಿಸಿ. ಸಮಿತಿಯವರು ಇದನ್ನು ಮತ್ತೊಂದು ವರ್ಷಕ್ಕೆ ಮುಂದೂಡಬೇಡಿ.

ಆಯ್ಕೆಗೆ ಎಲ್ಲಿಂದ ಹೊರಡಬೇಕು ಎಂಬುದಕ್ಕೆ ಎರಡು ಹೆಸರು ಸಾಕು. ವಿದ್ವತ್ ಪತ್ರಿಕೆಗಳಿಗೆ ಡಿಓಎಜೆ (ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಜರ್ನಲ್ಸ್), ಪುಸ್ತಕಗಳಿಗೆ ಡಿಓಎಬಿ (ಡೈರೆಕ್ಟರಿ ಆಫ್ ಓಪನ್ ಆಕ್ಸೆಸ್ ಬುಕ್ಸ್); ಎರಡೂ ಅಂತರಜಾಲದಲ್ಲಿರುವ ಸೂಚಿಪಟ್ಟಿಗಳು. ಮೊದಲನೆಯದು 2003ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ಸುಮಾರು 300 ಪತ್ರಿಕೆಗಳೊಂದಿಗೆ ಆರಂಭವಾಯಿತು. ಇಂದು ಅಲ್ಲಿರುವ ಪತ್ರಿಕೆಗಳ ಸಂಖ್ಯೆ 20,000 ದಾಟಿದೆ. ಎರಡನೆಯದು 2012ರದು. ತಜ್ಞರ ಪರಿಶೀಲನೆ ನಡೆಯುತ್ತದೆಯೇ, ಪರವಾನಗಿ ಸ್ಪಷ್ಟವಾಗಿದೆಯೇ ಎಂದು ಎರಡೂ ನೋಡಿಯೇ ಸೇರಿಸಿಕೊಳ್ಳುತ್ತವೆ. ಲೇಖಕರಿಂದ ಹಣ ಕಿತ್ತುಕೊಂಡು ಏನನ್ನಾದರೂ ಅಚ್ಚು ಹಾಕುವ ನಕಲಿ ಪತ್ರಿಕೆಗಳ ಭಯವಿರುವವರು ಇಲ್ಲಿಂದಲೇ ಹೊರಡಲಿ. ಇವುಗಳ ದತ್ತಾಂಶವೂ ಉಚಿತವೇ ಆದ್ದರಿಂದ ಪ್ರತಿಯೊಂದನ್ನೂ ಮೊದಲಿನಿಂದ ಟೈಪ್ ಮಾಡುತ್ತ ಕೂರಬೇಕಾಗಿಲ್ಲ.

ಇನ್ನು ನಮೂದು ಮಾಡುವ ಬಗೆ. ಮಾರ್ಕ್ ದಾಖಲೆಯ, ಅಂದರೆ ಕಂಪ್ಯೂಟರ್ ಓದಬಲ್ಲ ಕ್ಯಾಟಲಾಗ್ ನಮೂದಿನ, 856ನೆಯ ಕ್ಷೇತ್ರದಲ್ಲಿ ಕೊಂಡಿ, 506ರಲ್ಲಿ ಪ್ರವೇಶಕ್ಕೆ ನಿರ್ಬಂಧವಿಲ್ಲ ಎಂಬ ಮಾತು, 540ರಲ್ಲಿ ಪರವಾನಗಿ. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆದರೆ ಒಂದು ಅಧ್ಯಾಯವನ್ನು ತರಗತಿಗೆಲ್ಲ ಹಂಚಬಹುದೇ ಎಂದು ಕೇಳಿ ಬರುವ ಅಧ್ಯಾಪಕರಿಗೆ ಉತ್ತರ ಇರುವುದು ಅಲ್ಲಿಯೇ. ಕೊಂಡಿಯಾಗಿ ಬ್ರೌಸರಿನ ಮೇಲ್ಭಾಗದ ವಿಳಾಸವನ್ನು ಎತ್ತಿ ಅಂಟಿಸಬೇಡಿ, ಡಿಓಐ ಹಾಕಿ; ತಾಣ ಬದಲಾದಾಗ ಪ್ರಕಾಶಕರು ಹೊಸ ವಿಳಾಸವನ್ನು ಅದಕ್ಕೇ ಜೋಡಿಸುತ್ತಾರೆ. ಚಂದಾ ಕೊಟ್ಟ ಸಂಪನ್ಮೂಲಗಳಿಗೆ ಸೇರಿಸುವ, ನಮ್ಮ ಸದಸ್ಯರನ್ನಷ್ಟೇ ಗುರುತಿಸಿ ಒಳಬಿಡುವ ಪ್ರಾಕ್ಸಿ ವಿಳಾಸವನ್ನು ಅಭ್ಯಾಸಬಲದಿಂದ ಇವುಗಳ ಮುಂದೆಯೂ ಸೇರಿಸುವವರಿದ್ದಾರೆ. ಆಗ ಮನೆಯಲ್ಲಿ ಕುಳಿತ ಓದುಗರಿಗೆ, ಇಡೀ ಜಗತ್ತಿಗೆ ತೆರೆದಿರುವ ಪುಸ್ತಕದ ಬಾಗಿಲಲ್ಲಿ ನಮ್ಮ ಗ್ರಂಥಾಲಯವೇ ಪಾಸ್‌ವರ್ಡ್ ಕೇಳುತ್ತ ನಿಲ್ಲುತ್ತದೆ. ಇದನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಸಮಯ ಮುಗಿಯುತ್ತ ಬಂದಿರುವುದರಿಂದ ಸಂರಕ್ಷಣೆಯ ಬಗ್ಗೆ ಎರಡೇ ಮಾತು. 2000ದಿಂದ 2019ರವರೆಗಿನ ಅವಧಿಯಲ್ಲಿ 170ಕ್ಕೂ ಹೆಚ್ಚು ಓಪನ್ ಆಕ್ಸೆಸ್ ಪತ್ರಿಕೆಗಳು ಅಂತರಜಾಲದಿಂದಲೇ ಕಣ್ಮರೆಯಾದುದನ್ನು ಸಂಶೋಧಕರು ಗುರುತಿಸಿದ್ದಾರೆ. ಲಾಕ್ಸ್, ಪೋರ್ಟಿಕೊದಂತಹ ಸಂರಕ್ಷಣಾ ವ್ಯವಸ್ಥೆಗಳಲ್ಲಿ ಪತ್ರಿಕೆಯ ಪ್ರತಿ ಇದೆಯೇ ಎಂದು ಆಯ್ಕೆಯ ಹೊತ್ತಿನಲ್ಲಿಯೇ ನೋಡಿಕೊಳ್ಳಿ, ಮತ್ತು ವರ್ಷಕ್ಕೊಮ್ಮೆಯಾದರೂ ಕೊಂಡಿಗಳನ್ನು ಪರೀಕ್ಷಿಸಿ.

ನಾಳೆ ಗ್ರಂಥಾಲಯದ ಬಾಗಿಲು ತೆರೆದ ಮೇಲೆ ಮೊದಲ ಅರ್ಧ ಗಂಟೆಯನ್ನು ನನಗೆ ಕೊಡಿ. ಎರವಲು ರಿಜಿಸ್ಟರಿನ ಕೊನೆಯ ಪುಟವನ್ನು ತೆರೆದು, ಅಲ್ಲಿರುವ ಪುಸ್ತಕಗಳಲ್ಲಿ ಐದನ್ನು ಡಿಓಎಬಿಯಲ್ಲಿ ಹುಡುಕಿ. ಒಂದು ಸಿಕ್ಕರೂ ಅದಕ್ಕೆ ನಮೂದು ಬರೆದು, ಆ ಪುಸ್ತಕಕ್ಕಾಗಿ ಕಾದಿದ್ದ ಓದುಗರಿಗೆ ಫೋನು ಮಾಡಿ ತಿಳಿಸಿ. ನಮಸ್ಕಾರ.